ಧ್ವಜದ ಬಟ್ಟೆಯ ಕಥೆ

ಕಳೆದ ಆಗಸ್ಟ್ 16ರಂದು ನೆರೂಳ ಸ್ಟೇಶನ್ನಿನ ಎದುರು ಮಳೆಯಲ್ಲಿ ಬಿದ್ದಿದ್ದ ಪುಟ್ಟ ಧ್ವಜವೊಂದನ್ನು ನನ್ನ ಮಗಳು ಎತ್ತಿಕೊಂಡು ಬಂದಳು. ಎರಡು ಸಲ ಝಾಡಿಸಿದೊಡನೆ ಅದು ಬಹುಮಟ್ಟಿಗೆ ಒಣಗಿತು. "ಅಪ್ಪಾ, ಇದು ನೀರ ಯಾಕ ಕುಡಿಯೂದಿಲ್ಲ?" ಎಂದು ಕೇಳಿದಳು. ಪ್ರಶ್ನೆ ಚಿಕ್ಕದು, ಉತ್ತರ ಮಾತ್ರ ನಮ್ಮ ಹುಬ್ಬಳ್ಳಿಯವರೆಗೆ ಹೋಗುತ್ತದೆ.

ಹತ್ತಿಯ ಎಳೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಸೆಲ್ಯುಲೋಸ್. ಇದನ್ನು 1838ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಬೇರ್ಪಡಿಸಿ ತೋರಿಸಿದನು. ಇಂಥ ವಸ್ತುಗಳು ಸಣ್ಣ ಅಣುಗಳು ಕೂಡಿಕೊಂಡ ಉದ್ದನೆಯ ಸರಪಳಿಗಳೆಂದು 1920ರಲ್ಲಿ ಜರ್ಮನಿಯ ಹರ್ಮನ್ ಸ್ಟೌಡಿಂಗರ್ ಹೇಳಿದಾಗ ಅನೇಕ ಹಿರಿಯ ವಿಜ್ಞಾನಿಗಳು ಒಪ್ಪಲಿಲ್ಲ. 1953ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಬಂತು. ಆ ಸರಪಳಿಯೇ ಪಾಲಿಮರ್. ಅದರ ಕೊಂಡಿಯೇ ಮಾನೊಮರ್. ಸೆಲ್ಯುಲೋಸಿನ ಕೊಂಡಿ ಗ್ಲೂಕೋಸ್. ನಮ್ಮ ಜೋಳದ ರೊಟ್ಟಿಯ ಪಿಷ್ಟದ ಕೊಂಡಿಯೂ ಅದೇ! ಬೆಸುಗೆಯ ರೀತಿ ಮಾತ್ರ ಬೇರೆ. ಆದ್ದರಿಂದಲೇ ರೊಟ್ಟಿ ನಮಗೆ ಜೀರ್ಣವಾಗುತ್ತದೆ, ಧೋತರ ಆಗುವುದಿಲ್ಲ. ಗ್ಲೂಕೋಸಿನಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳು ನೀರನ್ನು ಹಿಡಿದಿಡುವುದರಿಂದ ಹತ್ತಿ ಬಟ್ಟೆ ತೊಯ್ಯುತ್ತದೆ.

1947ರ ಜುಲೈ 22ರಂದು ಸಂವಿಧಾನ ಸಭೆ ತ್ರಿವರ್ಣ ಧ್ವಜವನ್ನು ಅಂಗೀಕರಿಸಿತು. ಮುಂದೆ ಕೈಯಿಂದ ನೂತು, ಕೈಯಿಂದ ನೇಯ್ದ ಖಾದಿಯೇ ಅದಕ್ಕೆ ನಿಯಮವಾಯಿತು. ಭಾರತೀಯ ಮಾನಕಗಳ ಪಟ್ಟಿಯಲ್ಲಿ ಮೊದಲನೆಯ ಸಂಖ್ಯೆಯೇ ಧ್ವಜದ್ದು. 1957ರಲ್ಲಿ ಸ್ಥಾಪನೆಯಾದ, ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘಕ್ಕೆ 2006ರಲ್ಲಿ ಈ ಮಾನಕದ ಪರವಾನಗಿ ದೊರೆಯಿತು. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಬಟ್ಟೆ ಅಲ್ಲಿ ಧ್ವಜವಾಗುತ್ತದೆ. ನೂಲುವವರೂ ಹೊಲಿಯುವವರೂ ಹೆಚ್ಚಾಗಿ ಹೆಂಗಸರೇ.

ಪಾಲಿಯೆಸ್ಟರ್ ಹುಟ್ಟಿದ್ದು 1941ರಲ್ಲಿ, ಇಂಗ್ಲೆಂಡಿನಲ್ಲಿ. ಅದೂ ಸರಪಳಿಯೇ, ಆದರೆ ಕೊಂಡಿಗಳು ಬಂದದ್ದು ಹೊಲದಿಂದಲ್ಲ, ಖನಿಜ ತೈಲದಿಂದ. ನೀರನ್ನು ಅದು ಹೆಚ್ಚು ಹೀರದು. ಮಣ್ಣಿನ ಸೂಕ್ಷ್ಮಜೀವಿಗಳು ಹತ್ತಿಯನ್ನು ತಿಂದು ಮುಗಿಸುತ್ತವೆ. ಇದನ್ನು ಸುಲಭವಾಗಿ ಮುಟ್ಟವು. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆಯಿತು.

ಅಗ್ಗವಾದುದರಿಂದ ಧ್ವಜ ಮನೆಮನೆಗೆ ಬಂತೆಂಬುದು ನಿಜ. ಕೊಂಡಾಗ ಇರುವ ಅಭಿಮಾನ ಮರುದಿನ ಉಳಿಯುವುದಿಲ್ಲವೆಂಬುದೂ ನಿಜ. ತುಳಸಿಗೇರಿಯ ಮಗ್ಗದ ಕೂಲಿ ಇದರಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಮಗಳು ತಂದ ಧ್ವಜವನ್ನು ತೊಳೆದು ಮಡಿಸಿ ಇಟ್ಟಿದ್ದೇವೆ. ಬರುವ ಸಲ ಊರಿಗೆ ಹೋದಾಗ ಬೆಂಗೇರಿಯಿಂದ ಒಂದು ಧ್ವಜ ತರುವುದಾಗಿ ಅವಳಿಗೆ ಮಾತು ಕೊಟ್ಟಿದ್ದೇನೆ. ಅದು ಮಳೆಯಲ್ಲಿ ತೊಯ್ದರೂ ಚಿಂತೆಯಿಲ್ಲ.