ಆಸ್ಟಿನ್ ಸೆವೆನ್ನಿನ ದೀರ್ಘಾಯುಸ್ಸು

ಹಳೆಯ ಮೋಟಾರುಗಳನ್ನು ಕಾಪಾಡಿಕೊಂಡು ಬರುವ ಹವ್ಯಾಸವು ಶ್ರೀಮಂತರಿಗೆ ಮೀಸಲಾದದ್ದೆಂದು ಜನ ಸಾಮಾನ್ಯವಾಗಿ ಭಾವಿಸುತ್ತಾರೆ. ಅರಮನೆಗಳ ರೋಲ್ಸ್ ರಾಯ್ಸುಗಳನ್ನು ಮೆರವಣಿಗೆಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ಕಂಡ ನಮಗೆ ಹಾಗೆ ತೋರುವುದು ಸಹಜವೇ. ಆದರೆ ಆ ಹವ್ಯಾಸವು ಒಂದು ಸಂಪ್ರದಾಯವಾಗಿ ರೂಪುಗೊಂಡ ಇಂಗ್ಲೆಂಡಿನಲ್ಲಿ ಅದರ ಬೇರನ್ನು ಅರಸುತ್ತ ಹೋದವನು ಕಡೆಗೆ ತಲುಪುವುದು, ಹೊಸ ಕಾರನ್ನು ಕೊಳ್ಳಲು ಶಕ್ತಿ ಸಾಲದೆ, ಇತರರು ಬೇಡವೆಂದು ಬಿಸುಟದ್ದನ್ನು ಕೆಲವು ಪೌಂಡುಗಳಿಗೆ ತಂದು, ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಬಿಚ್ಚಿ ಜೋಡಿಸುತ್ತಿದ್ದ ತರುಣರ ಬಳಿಗೆ. ಅಂಥವರ ಕೈಗೆ ಆಸ್ಟಿನ್ ಸೆವೆನ್ನಿನಷ್ಟು ಸುಲಭವಾಗಿ ಒದಗಿದ ಕಾರು ಮತ್ತೊಂದಿರಲಾರದು.

ಈ ಕಾರಿನ ಜನ್ಮಕ್ಕೆ ನೆಪವಾದದ್ದು ಒಂದು ತೆರಿಗೆ. 1921ರ ಆರಂಭದಿಂದ ಬ್ರಿಟನ್ನಿನಲ್ಲಿ ಕಾರಿನ ಒಂದೊಂದು ಅಶ್ವಶಕ್ತಿಗೂ ವರ್ಷಕ್ಕೆ ಒಂದೊಂದು ಪೌಂಡಿನಂತೆ ಕರ ತೆರಬೇಕಾಯಿತು. ಆ ಅಶ್ವಶಕ್ತಿಯನ್ನಾದರೂ ಎಂಜಿನ್ನಿನ ನಿಜವಾದ ಬಲವನ್ನು ಪರೀಕ್ಷಿಸಿ ನಿರ್ಣಯಿಸುತ್ತಿದ್ದರೆ? ಇಲ್ಲ, ಸಿಲಿಂಡರಿನ ಅಡ್ಡಳತೆಯನ್ನೂ ಸಿಲಿಂಡರುಗಳ ಸಂಖ್ಯೆಯನ್ನೂ ಒಂದು ಸೂತ್ರಕ್ಕೆ ಹಾಕಿ ಬಂದ ಉತ್ತರವನ್ನೇ ಅಶ್ವಶಕ್ತಿಯೆಂದು ಸರ್ಕಾರ ಒಪ್ಪಿಕೊಂಡಿದ್ದಿತು. ಸಿಲಿಂಡರು ಎಷ್ಟು ಉದ್ದವಾಗಿದ್ದರೂ ಲೆಕ್ಕಕ್ಕೆ ಬರುತ್ತಿರಲಿಲ್ಲವಾದ್ದರಿಂದ ಇಂಗ್ಲಿಷ್ ಎಂಜಿನ್ನುಗಳು ಮುಂದೆ ಹಲವು ವರ್ಷಗಳ ಕಾಲ ಸಣ್ಣ ಬಾಯಿಯ ನೀಳ ದೇಹದವಾಗಿಯೇ ಉಳಿದುವು. ಇಪ್ಪತ್ತು ಅಶ್ವಶಕ್ತಿಯ ದೊಡ್ಡ ಕಾರನ್ನು ನೆಚ್ಚಿಕೊಂಡಿದ್ದ ಆಸ್ಟಿನ್ ಸಂಸ್ಥೆ ಅದೇ ವರ್ಷ ಸಾಲಗಾರರ ಪರವಾದ ಆಡಳಿತಾಧಿಕಾರಿಯ ವಶವಾಯಿತು. ಚಿಕ್ಕ ಕಾರಿನ ಯೋಜನೆಗೆ ನಿರ್ದೇಶಕರ ಸಮ್ಮತಿ ದೊರೆಯದಿದ್ದಾಗ ಹರ್ಬರ್ಟ್ ಆಸ್ಟಿನ್ನರು ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟು ವರ್ಷದ ನಕ್ಷೆಗಾರನನ್ನು ತಮ್ಮ ಮನೆಗೇ ಕರೆಸಿಕೊಂಡು, ಅಲ್ಲಿನ ಬಿಲಿಯರ್ಡ್ಸ್ ಕೋಣೆಯಲ್ಲಿ ಕೂರಿಸಿ ನಕ್ಷೆ ಬರೆಸಿದರು. ಯೋಜನೆಗೆ ತಮ್ಮ ಸ್ವಂತ ಹಣವನ್ನು ತೊಡಗಿಸಿದುದರಿಂದ ಮುಂದೆ ಮಾರಾಟವಾದ ಒಂದೊಂದು ಕಾರಿಗೂ ಎರಡು ಗಿನಿಗಳ ರಾಯಧನ ಅವರಿಗೆ ಸಲ್ಲುತ್ತಿದ್ದಿತು. 1922ರಲ್ಲಿ ಹೊರಬಂದ ಕಾರು 1939ರವರೆಗೆ ಸುಮಾರು 2,90,000ದಷ್ಟು ತಯಾರಾಯಿತು. ಜರ್ಮನಿಯಲ್ಲಿ ಪರವಾನಗಿಯ ಮೇಲೆ ಇದನ್ನೇ ಡಿಕ್ಸಿ ಎಂಬ ಹೆಸರಿನಲ್ಲಿ ತಯಾರಿಸುತ್ತಿದ್ದ ಕಾರ್ಖಾನೆಯನ್ನು ಕೊಂಡೇ ಬಿಎಂಡಬ್ಲ್ಯು ಸಂಸ್ಥೆ ಕಾರಿನ ಉದ್ಯಮಕ್ಕೆ ಕಾಲಿಟ್ಟಿತೆಂಬುದನ್ನು ಇಂದಿನ ಬಿಎಂಡಬ್ಲ್ಯು ಒಡೆಯರು ಪ್ರಾಯಶಃ ಅಷ್ಟಾಗಿ ನೆನೆಯುವುದಿಲ್ಲ.

ಬಾನೆಟ್ಟನ್ನು ಎತ್ತಿ ನೋಡಿದರೆ ಎಂಜಿನ್ನು ಆಟಿಕೆಯಂತೆ ಕಾಣುತ್ತದೆ: ನಾಲ್ಕು ಸಿಲಿಂಡರುಗಳು, ಎಲ್ಲ ಸೇರಿ 747 ಸಿ.ಸಿ. ಕ್ರ್ಯಾಂಕ್‌ಶಾಫ್ಟು ಎರಡೇ ಎರಡು ಬೇರಿಂಗುಗಳ ಮೇಲೆ, ತುದಿಗೊಂದರಂತೆ, ನಿಂತಿದ್ದಿತು. ನಡುವೆ ಆಸರೆಯಿಲ್ಲದೆ ಅದು ವೇಗ ಹೆಚ್ಚಿದಾಗ ಬಳುಕುತ್ತಿತ್ತಾಗಿ 1936ರಲ್ಲಿ ಮೂರನೆಯ ಬೇರಿಂಗನ್ನು ಸೇರಿಸಬೇಕಾಯಿತು. ಎಣ್ಣೆಯನ್ನು ಒತ್ತಡದಿಂದ ಎಲ್ಲೆಡೆಗೂ ಹಾಯಿಸುವ ವ್ಯವಸ್ಥೆಗೆ ಬದಲಾಗಿ, ಒಳಗಿನ ಎರಡು ಸಣ್ಣ ಜೆಟ್ಟುಗಳು ತಿರುಗುವ ಕ್ರ್ಯಾಂಕಿನ ಕಡೆಗೆ ಎಣ್ಣೆಯನ್ನು ಚಿಮ್ಮುತ್ತಿದ್ದುವು. ಅವುಗಳಲ್ಲಿ ಒಂದು ಕಟ್ಟಿಕೊಂಡರೆ ಬೇರಿಂಗು ಕರಗಿಹೋಗುವುದು ನಿಶ್ಚಯ. ಆದುದರಿಂದ ಬಲ್ಲ ಒಡೆಯನು ಹೊರಗಿನ ತಿರುಪುಗಳನ್ನು ಆಗಾಗ ಬಿಚ್ಚಿ, ಸಣ್ಣ ತಂತಿಯನ್ನು ಒಳಗೆ ಹಾಯಿಸಿ ಜೆಟ್ಟುಗಳನ್ನು ಶುಚಿಮಾಡುತ್ತಿದ್ದನು, ಇಂದಿಗೂ ಮಾಡುತ್ತಾನೆ. ಬ್ರೇಕುಗಳ ಕಥೆ ಇನ್ನೂ ವಿನೋದಕರ. ಆರಂಭದಿಂದಲೇ ನಾಲ್ಕು ಚಕ್ರಗಳಿಗೂ ಬ್ರೇಕು ಇದ್ದುದು ಹೆಮ್ಮೆಯ ಸಂಗತಿಯಾದರೂ, ಕಾಲಿನದು ಹಿಂದಿನ ಚಕ್ರಗಳನ್ನೂ ಕೈಯದು ಮುಂದಿನವನ್ನೂ ಹಿಡಿಯುತ್ತಿದ್ದು, 1930ರಲ್ಲಿ ಇವೆರಡನ್ನೂ ಕೂಡಿಸುವವರೆಗೆ, ಸಂಕಟಕಾಲದಲ್ಲಿ ಚಾಲಕನು ಕೈಕಾಲುಗಳೆರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕಾಗಿದ್ದಿತು. ಹೀಗೆ ದೋಷಗಳಿಗೆ ಕೊರತೆಯಿರಲಿಲ್ಲ. ಆದರೆ ಒಂದೊಂದು ದೋಷವೂ ಕಣ್ಣಿಗೆ ಕಾಣುವಂಥದು, ಕೈಗೆ ಎಟುಕುವಂಥದು, ನಾಲ್ಕಾರು ಸ್ಪ್ಯಾನರುಗಳಿಂದ ಸರಿಪಡಿಸಬಹುದಾದಂಥದು. ಇಬ್ಬರು ಗಟ್ಟಿಗರು ಹಿಡಿದರೆ ಎಂಜಿನ್ನನ್ನೇ ಎತ್ತಿ ಹೊರಗಿಡಬಹುದಾಗಿದ್ದಿತು. ಈ ಕಾರಿನ ದೀರ್ಘಾಯುಸ್ಸಿನ ಗುಟ್ಟು ಇಲ್ಲಿಯೇ ಇದೆಯೆಂದು ನನ್ನ ಎಣಿಕೆ. ಮಾರಿಸ್ ಆಕ್ಸ್‌ಫರ್ಡಿನಿಂದ ಹುಟ್ಟಿದ ನಮ್ಮ ಅಂಬಾಸಡರ್ ಊರೂರಿನ ಮೆಕ್ಯಾನಿಕ್ಕಿನ ಕೈಗೆ ಒಗ್ಗಿ ಅಷ್ಟು ಕಾಲ ಬಾಳಿದುದೂ ಇದೇ ಗುಣದಿಂದಲೇ ಅಲ್ಲವೆ?

ಹಳೆಯ ಕಾರಿನ ಬಗೆಗಿನ ಗೌರವವು ಸಂಘಟಿತವಾದದ್ದು 1930ರ ದಶಕದಲ್ಲಿ. ಮೊದಲು, 1930ರಲ್ಲಿ, ಅತಿ ಪ್ರಾಚೀನ ವಾಹನಗಳಿಗಾಗಿ ವೆಟರನ್ ಕಾರ್ ಕ್ಲಬ್ ಹುಟ್ಟಿತು. 1934ರಲ್ಲಿ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್. ಈ ಎರಡನೆಯದರ ಹಿಂದೆ ಒಂದು ಅಸಮಾಧಾನವಿದ್ದಿತು. ಆರ್ಥಿಕ ಕುಸಿತದ ತರುವಾಯ ಕಾರ್ಖಾನೆಗಳು ಹೊರತಂದ ಅಗ್ಗದ ಕಾರುಗಳು ಹೊಳೆಯುತ್ತಿದ್ದರೂ ಹಿಂದಿನವುಗಳ ಗಟ್ಟಿತನವಾಗಲಿ ಕೈಗೆಲಸದ ಅಚ್ಚುಕಟ್ಟಾಗಲಿ ಅವುಗಳಲ್ಲಿ ಉಳಿದಿಲ್ಲವೆಂದು ಬಗೆದ, ಹೆಚ್ಚು ಹಣವಿಲ್ಲದ ಕೆಲವು ಉತ್ಸಾಹಿಗಳು ಅದನ್ನು ಕಟ್ಟಿದರು. 1930ರ ಡಿಸೆಂಬರ್ 31ಕ್ಕೆ ಮೊದಲು ತಯಾರಾದದ್ದು ಮಾತ್ರವೇ ವಿಂಟೇಜ್ ಎಂಬ ನಿಯಮ ಅವರದು, ಇಂದಿಗೂ ಕದಲಿಲ್ಲ. ತಮ್ಮ ಕಾಲದ ಕುಶಲತೆಯ ಮೇಲೆ ಹೀಗೆ ದಿನಾಂಕ ಹಾಕಿ ಮರಣಪತ್ರ ಬರೆದವರು ವಿರಳ. 1939ರಲ್ಲಿ ಆಸ್ಟಿನ್ ಸೆವೆನ್ನಿಗಾಗಿಯೇ 750 ಮೋಟಾರ್ ಕ್ಲಬ್ ಹುಟ್ಟಿತು. ಯುದ್ಧಾನಂತರ ಹೊಸ ಕಾರುಗಳು ವಿದೇಶಗಳಿಗೆ ರಫ್ತಾಗುತ್ತಿದ್ದು ದೇಶದೊಳಗೆ ಸಿಕ್ಕುವುದು ದುರ್ಲಭವಾಗಿದ್ದಾಗ ಹಳೆಯ ಸೆವೆನ್ನುಗಳ ಬಾಡಿಯನ್ನು ಕಿತ್ತೆಸೆದು, ಚಾಸಿಯ ಮೇಲೆ ತಗಡಿನ ಹಗುರವಾದ ಹೊದಿಕೆ ಹಾಕಿ, ಸ್ಪೆಷಲ್ ಎಂದು ಕರೆದು ಪಂದ್ಯಗಳಿಗೆ ಓಡಿಸುವ ಪರಿಪಾಠ ಹಬ್ಬಿತು. ಕಾಲಿನ್ ಚಾಪ್ಮನ್ನರು 1948ರಲ್ಲಿ ಇಂಥದೊಂದನ್ನು ಕಟ್ಟಿದರು; ಅದೇ ಮೊದಲನೆಯ ಲೋಟಸ್. ನ್ಯೂಜಿಲೆಂಡಿನ ಬ್ರೂಸ್ ಮೆಕ್ಲಾರೆನ್ನರು ಹದಿಹರೆಯದಲ್ಲಿ ಸ್ಪರ್ಧೆಗಿಳಿದದ್ದೂ ಒಂದು ಆಸ್ಟಿನ್ ಸೆವೆನ್ನಿನಲ್ಲಿಯೇ.

ಹಳೆಯ ಕಾರುಗಳನ್ನು ಬಿಚ್ಚಿ ಸರಿಪಡಿಸುವ ಕೆಲಸಕ್ಕೆ ಬೇಕಾದ ವಿದ್ಯೆ ಸಾಮಾನ್ಯವಾದದ್ದಲ್ಲ. ಜೋಸೆಫ್ ವಿಟ್ವರ್ತರು 1841ರಲ್ಲಿ ಗೊತ್ತುಮಾಡಿದ 55 ಡಿಗ್ರಿಯ ಥ್ರೆಡ್ಡಿನ ಬೋಲ್ಟುಗಳಿಗೆ ಅವುಗಳದೇ ಸ್ಪ್ಯಾನರು ಬೇಕು. ಆ ಸ್ಪ್ಯಾನರಿನ ಮೇಲಿನ ಅಂಕಿಯಾದರೋ ಬೋಲ್ಟಿನ ತಲೆಯ ಅಳತೆಯನ್ನು ಹೇಳದೆ ಅದರ ಕಾಂಡದ ದಪ್ಪವನ್ನು ಹೇಳುತ್ತದೆ. ಇಷ್ಟು ಸಾಲದೆಂಬಂತೆ, ಕಾರು ತಯಾರಕ ಮಾರಿಸ್ಸರು 1923ರಲ್ಲಿ ಕೊಂಡ ಕವೆಂಟ್ರಿಯ ಎಂಜಿನ್ ಕಾರ್ಖಾನೆ ಮೂಲತಃ ಫ್ರೆಂಚರದಾದುದರಿಂದ, ಅಲ್ಲಿಂದ ಹೊರಟ ಎಂಜಿನ್ನುಗಳ ಬೋಲ್ಟುಗಳಿಗೆ ಮೀಟರಿನ ಥ್ರೆಡ್ಡು, ಇಂಗ್ಲಿಷ್ ಗ್ಯಾರೇಜಿನವರಿಗೆ ತೊಡಕಾಗದಿರಲೆಂದು ವಿಟ್ವರ್ತ್ ಅಳತೆಯ ತಲೆ! ಅಲ್ಲಿಂದಲೇ ಬಂದ ಎಂ.ಜಿ. ಕಾರುಗಳ ಎಂಜಿನ್ನಿನಲ್ಲಿ ಈ ಸಂಕರವನ್ನು ಅರಿಯದವನು ಅಂಗಡಿಯ ಬೋಲ್ಟನ್ನು ತಂದು ತಿರುಗಿಸಿ ಥ್ರೆಡ್ಡನ್ನು ಕೆಡಿಸಿಕೊಳ್ಳುವುದುಂಟು. ಇದಕ್ಕಿಂತ ಸೂಕ್ಷ್ಮವಾದದ್ದು ಬೇರಿಂಗಿನ ಕೆಲಸ. ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯೊಳಗಿನ ಸವೆದ ವೈಟ್ ಮೆಟಲ್ಲನ್ನು ಕರಗಿಸಿ ತೆಗೆದು, ಒಳಮೈಯನ್ನು ಉಜ್ಜಿ, ತವರದ ಕಲಾಯಿ ಹಿಡಿಸಿ, ಬಿಸಿಯಾಗಿರುವಾಗಲೇ ಹೊಸ ಲೋಹವನ್ನು ಹೊಯ್ಯಬೇಕು. ಅದು ಆರಿದ ಮೇಲೆ ಅಳತೆಗೆ ಕೊರೆದು, ಕ್ರ್ಯಾಂಕಿಗೆ ನೀಲಿ ಬಣ್ಣವನ್ನು ತೆಳುವಾಗಿ ಸವರಿ, ರಾಡನ್ನು ತೊಡಿಸಿ ಒಮ್ಮೆ ತಿರುಗಿಸಿ ಬಿಚ್ಚಿದರೆ, ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ನೀಲಿ ಅಂಟಿರುತ್ತದೆ. ಆ ಚುಕ್ಕೆಗಳನ್ನು ಸ್ಕ್ರೇಪರಿನಿಂದ ಕೂದಲೆಳೆಯಷ್ಟು ಕೆರೆದು, ಮತ್ತೆ ಸವರಿ, ಮತ್ತೆ ತೊಡಿಸಿ, ನೀಲಿ ಇಡೀ ಮೈಗೆ ಸಮನಾಗಿ ಹರಡುವವರೆಗೂ ಇದನ್ನೇ ಮಾಡುತ್ತಿರಬೇಕು. ಅವಸರದವರಿಗೆ ಹೇಳಿದ ಕೆಲಸವಲ್ಲ.

1960ರಲ್ಲಿ ಬ್ರಿಟನ್ನಿನಲ್ಲಿ ಹತ್ತು ವರ್ಷ ಮೀರಿದ ಕಾರುಗಳ ಬ್ರೇಕು, ಸ್ಟಿಯರಿಂಗು, ದೀಪಗಳನ್ನು ಕಡ್ಡಾಯವಾಗಿ ಪರೀಕ್ಷಿಸುವ ನಿಯಮ ಬಂದು, ಸಾವಿರಾರು ಮುದಿ ಕಾರುಗಳು ಗುಜರಿ ಸೇರಿದುವು. ಗುಜರಿ ಸೇರಿದವುಗಳ ಅಂಗಾಂಗಗಳಿಂದಲೇ ಉಳಿದವುಗಳು ಬದುಕಿದುವು ಎಂಬುದೂ ನಿಜ. 1967ರಿಂದ ಹ್ಯಾಂಪ್‌ಶೈರಿನ ಬ್ಯೂಲಿಯಲ್ಲಿ ನಡೆದುಬಂದಿರುವ ಆಟೋಜಂಬಲ್ ಎಂಬ ಸಂತೆಯಲ್ಲಿ ತುಕ್ಕುಹಿಡಿದ ಕಾರ್ಬ್ಯುರೇಟರುಗಳನ್ನೂ ಗಾಜಿಲ್ಲದ ದೀಪಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಕುಳಿತವರ ಬಳಿ ಗಂಭೀರವಾಗಿ ಚೌಕಾಸಿ ಮಾಡುವವರನ್ನು ಇಂದಿಗೂ ಕಾಣಬಹುದು.

ಹೀಗೆ ಒಂದೊಂದೇ ಅಂಗವನ್ನು ಬದಲಿಸುತ್ತ ಹೋದರೆ ಕೊನೆಗೆ ಉಳಿಯುವ ಕಾರು ಯಾವುದು? ಈ ಪ್ರಶ್ನೆ 1990ರಲ್ಲಿ ಲಂಡನ್ನಿನ ಉಚ್ಚನ್ಯಾಯಾಲಯದವರೆಗೂ ಹೋಯಿತು. 1929 ಮತ್ತು 1930ರ ಲೆ ಮಾನ್ಸ್ ಪಂದ್ಯಗಳನ್ನು ಗೆದ್ದ, ಓಲ್ಡ್ ನಂಬರ್ ಒನ್ ಎಂದು ಹೆಸರಾದ ಬೆಂಟ್ಲಿ ಕಾರನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ಇದರಲ್ಲಿ ಮೂಲದ ಅಂಶ ಅತ್ಯಲ್ಪವೆಂದು ಹಿಂಜರಿದರು. ಅವರ ಮಾತೂ ಸುಳ್ಳಲ್ಲ. 1932ರ ಹೊತ್ತಿಗೆ ಅದಕ್ಕೆ ಎಂಟು ಲೀಟರಿನ ಬೇರೆ ಎಂಜಿನ್ ಬಂದಿದ್ದಿತು, ಆ ವರ್ಷ ಬ್ರೂಕ್‌ಲ್ಯಾಂಡ್ಸಿನಲ್ಲಿ ಕ್ಲೈವ್ ಡನ್‌ಫೀ ಅಸುನೀಗಿದ ಅಪಘಾತದ ಬಳಿಕ ಮತ್ತೊಮ್ಮೆ ಅದನ್ನು ಕಟ್ಟಬೇಕಾಯಿತು. ಆದರೂ ನ್ಯಾಯಮೂರ್ತಿ ಆಟನ್ನರು, ಬದಲಾವಣೆಗಳು ಕ್ರಮಕ್ರಮವಾಗಿ ಒಂದರ ಹಿಂದೊಂದು ನಡೆದುಬಂದುದರಿಂದ ಕಾರಿನ ಅಸ್ಮಿತೆ ಎಂದೂ ಕಡಿದುಹೋಗಿಲ್ಲವೆಂದು ತೀರ್ಪಿತ್ತರು. ಚಕ್ರ ಸವೆದಾಗ ಚಕ್ರವನ್ನೂ ಅಚ್ಚು ಮುರಿದಾಗ ಅಚ್ಚನ್ನೂ ಬದಲಿಸಿಕೊಂಡೇ ತಲೆಮಾರುಗಳಿಂದ ರಥೋತ್ಸವ ನಡೆಸಿಕೊಂಡು ಬಂದ ನಮ್ಮ ಊರುಗಳವರಿಗೆ ಈ ತೀರ್ಪು ವಿಚಿತ್ರವೆನಿಸಲಾರದು.

ಸೆವೆನ್ನಿನ ಮಟ್ಟಿಗೆ ವಿವಾದ ಇನ್ನೊಂದು ಬಗೆಯದು. 1950ರ ಸುಮಾರಿಗೆ ಒಬ್ಬ ಹುಡುಗನು ಸಲೂನ್ ಕಾರನ್ನು ಕತ್ತರಿಸಿ ಮಾಡಿದ ಸ್ಪೆಷಲ್ಲನ್ನು ಇಂದು ಕೊಂಡವನು ಅದನ್ನು ಮತ್ತೆ ಸಲೂನ್ ಮಾಡಬೇಕೆ, ಹಾಗೆಯೇ ಬಿಡಬೇಕೆ? ಬಿಡಬೇಕೆಂದೇ ನನ್ನ ಅಭಿಪ್ರಾಯ. ಆ ಹುಡುಗನ ಒರಟು ಕೆಲಸಕ್ಕೂ ಈಗ ಎಪ್ಪತ್ತು ವರ್ಷಗಳ ಇತಿಹಾಸವಿದೆ. ತೀರ ಮಾರ್ಪಾಟಾದ ವಾಹನಗಳ ವಿಷಯದಲ್ಲಿ ಬ್ರಿಟನ್ನಿನ ನೋಂದಣಿ ಕಛೇರಿಯಾದರೋ ಇಂಥ ತರ್ಕಕ್ಕೆ ಇಳಿಯದೆ, ಬಹುಕಾಲದಿಂದ ಅಂಕಗಳ ಲೆಕ್ಕವೊಂದನ್ನು ಇರಿಸಿಕೊಂಡಿದ್ದಿತು. ಎಂಟು ಅಂಕ ಬಂದರೆ ಹಳೆಯ ನಂಬರು ಉಳಿಯುತ್ತಿದ್ದಿತು: ಚಾಸಿಗೆ ಐದು, ಸಸ್ಪೆನ್ಷನ್ನು, ಆಕ್ಸಲು, ಗೇರುಪೆಟ್ಟಿಗೆಯ ವ್ಯವಸ್ಥೆ, ಸ್ಟಿಯರಿಂಗುಗಳಿಗೆ ಎರಡೆರಡು, ಲೋಹ ಹೊಯ್ದು, ನೀಲಿ ಸವರಿ, ಚುಕ್ಕೆ ಚುಕ್ಕೆಯಾಗಿ ಕೆರೆದು ಕೂರಿಸಿದ ಎಂಜಿನ್ನಿಗೆ ಒಂದೇ ಒಂದು.