2048ರ ಮೀನುಗಾರಿಕೆ ಮುನ್ಸೂಚನೆ

2048ರ ಮೀನುಗಾರಿಕೆ ಮುನ್ಸೂಚನೆಯು ಮತ್ಸ್ಯವಿಜ್ಞಾನದಲ್ಲಿ ವ್ಯಾಪಕವಾಗಿ ಉಲ್ಲೇಖಿತವಾದ, ವಿವಾದಕ್ಕೂ ಒಳಗಾದ ತೀರ್ಮಾನವಾಗಿದೆ. ಕೆನಡಾದ ಬೋರಿಸ್ ವರ್ಮ್ ಮತ್ತು ಸಹಲೇಖಕರು 2006ರಲ್ಲಿ 'ಸೈನ್ಸ್' ನಿಯತಕಾಲಿಕದಲ್ಲಿ ಇದನ್ನು ಪ್ರಕಟಿಸಿದರು. ಅಂದಿನ ಪ್ರವೃತ್ತಿಯೇ ಮುಂದುವರಿದರೆ, ಆಗ ಹಿಡಿಯಲಾಗುತ್ತಿದ್ದ ಎಲ್ಲ ಸಾಗರಜೀವಿ ವರ್ಗಗಳೂ 2048ರ ವೇಳೆಗೆ ಕುಸಿಯುತ್ತವೆ ಎಂಬುದು ಅದರ ಸಾರ. ಇಲ್ಲಿ 'ಕುಸಿತ' ಎಂದರೆ ಅಳಿವಲ್ಲ. ಇಳುವರಿಯು ದಾಖಲಾದ ಗರಿಷ್ಠ ಪ್ರಮಾಣದ ಶೇ. 10ಕ್ಕಿಂತ ಕೆಳಗಿಳಿಯುವುದು.

ಹಿಡಿದ ಮೀನಿನ ಲೆಕ್ಕವು ಸಮುದ್ರದಲ್ಲಿ ಉಳಿದ ಮೀನಿನ ಪ್ರಮಾಣವನ್ನು ಸೂಚಿಸದೆಂದು ಅಮೆರಿಕದ ರೇ ಹಿಲ್ಬಾರ್ನ್ ಮೊದಲಾದವರು ಆಕ್ಷೇಪಿಸಿದರು. ವರ್ಮ್, ಹಿಲ್ಬಾರ್ನ್ ಮತ್ತಿತರರು 2009ರಲ್ಲಿ ಜಂಟಿಯಾಗಿ ಬರೆದ ಪ್ರಬಂಧವು, ಅಧ್ಯಯನಗೊಂಡ 10 ಪರಿಸರ ವ್ಯವಸ್ಥೆಗಳ ಪೈಕಿ 5ರಲ್ಲಿ ಮೀನುಗಾರಿಕೆಯ ಒತ್ತಡ ಇಳಿದಿದೆಯೆಂದೂ, ಮೌಲ್ಯಮಾಪನಗೊಂಡ ಮೀನು ಸಂಗ್ರಹಗಳಲ್ಲಿ ಶೇ. 63ಕ್ಕೆ ಪುನಶ್ಚೇತನ ಅಗತ್ಯವೆಂದೂ ತಿಳಿಸಿತು.

ಉಲ್ಲೇಖಗಳ ಎಣಿಕೆಯಲ್ಲಿ ಸಮರ್ಥನೆ, ಖಂಡನೆ ಎರಡೂ ಸೇರುತ್ತವೆ. ಆದ್ದರಿಂದ ಅದು ಪ್ರಬಂಧ ಪಡೆದ ಗಮನವನ್ನು ತೋರಿಸುತ್ತದೆಯೇ ಹೊರತು ಅದರ ನಿಖರತೆಯನ್ನಲ್ಲ.