ಕಾರ್ಯಕಾರಿ ಸಮಿತಿ ನೆಲೆಗೊಂಡ ಬಗೆ

ಸಂಘಸಂಸ್ಥೆಗಳ ಕಾರ್ಯಕಾರಿ ಸಮಿತಿಗೆ, ಅಂದರೆ ಆಡಳಿತ ಮಂಡಳಿಗೆ, ಭಾರತದಲ್ಲಿ ಕಾನೂನಿನ ಆಧಾರ ಒದಗಿಸಿದ್ದು 1860ರ ಸಂಘಗಳ ನೋಂದಣಿ ಕಾಯ್ದೆ. ಇಂಗ್ಲೆಂಡಿನ 1854ರ ಕಾಯ್ದೆಯೊಂದು ಇದಕ್ಕೆ ಮಾದರಿ. ಸಾಹಿತ್ಯ, ವಿಜ್ಞಾನ ಅಥವಾ ಧರ್ಮಾರ್ಥ ಕೆಲಸಕ್ಕೆ ಏಳು ಜನ ಸೇರಿದರೆ ಸಂಘವನ್ನು ನೋಂದಾಯಿಸಬಹುದಿತ್ತು. ನೋಂದಣಿಗೆ ಸಲ್ಲಿಸುವ ಜ್ಞಾಪನ ಪತ್ರದಲ್ಲಿ ಮಂಡಳಿಯವರ ಹೆಸರು, ವಿಳಾಸ, ಉದ್ಯೋಗ ನಮೂದಾಗಬೇಕಿತ್ತು. ಬೇರೆ ಧರ್ಮದರ್ಶಿಗಳಿಲ್ಲದಿದ್ದರೆ ಸಂಘದ ಆಸ್ತಿ ಮಂಡಳಿಗೇ ಸೇರಿದ್ದೆಂದು ಲೆಕ್ಕ.

ಅಧಿಕಾರ ಕೊಟ್ಟ ಕಾಯ್ದೆಯೇ ಅದಕ್ಕೆ ಕಡಿವಾಣವನ್ನೂ ಹಾಕಿತು. ಸಂಘದ ಉದ್ದೇಶ ಬದಲಿಸಬೇಕಾದರೆ ಮಂಡಳಿಯ ಠರಾವು ಸಾಲದು. ವಿಶೇಷ ಸಭೆಯಲ್ಲಿ ಐದನೇ ಮೂರು ಪಾಲು ಸದಸ್ಯರು ಒಪ್ಪಬೇಕು. ತಿಂಗಳ ಬಳಿಕ ಇನ್ನೊಂದು ಸಭೆ ಅಷ್ಟೇ ಮತದಿಂದ ಅದನ್ನು ಸ್ಥಿರಪಡಿಸಬೇಕು. ಆತುರಗಾರರಿಗೆ ಇದಕ್ಕಿಂತ ಜಾಣ ತಡೆ ಸಿಗುವುದು ಕಷ್ಟ.

ಕನ್ನಡ ನಾಡಿನಲ್ಲೂ ಸಂಘಗಳು ತಲೆಯೆತ್ತಿದವು: ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು, ಬೆಂಗಳೂರಿನಲ್ಲಿ 1915ರಲ್ಲಿ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು. ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧ್ಯಕ್ಷರೆಂಬ ಏರ್ಪಾಡು ಊರೂರಿಗೂ ಹಬ್ಬಿತು. ಸಮಿತಿಯ ಜೀವಾಳವೆಂದರೆ ನಡಾವಳಿ ಪುಸ್ತಕ: ಹಾಜರಾದವರ ಸಹಿ, ಹಿಂದಿನ ಸಭೆಯ ನಡಾವಳಿಗೆ ಒಪ್ಪಿಗೆ, ಪ್ರತಿ ಠರಾವಿನ ಕೆಳಗೆ ಸೂಚಿಸಿದವರು ಮತ್ತು ಅನುಮೋದಿಸಿದವರ ಹೆಸರು. ಜಗಳ ಕೋರ್ಟಿನ ಮೆಟ್ಟಿಲು ಹತ್ತಿದಾಗ ಮೊದಲು ಹೊರಬರುವುದೂ ಇದೇ.

ಕರ್ನಾಟಕದ ಏಕೀಕರಣದ ನಂತರ ಹಳೆಯ ಪ್ರಾಂತಗಳ ಬೇರೆ ಬೇರೆ ಕಾನೂನುಗಳ ಜಾಗಕ್ಕೆ ರಾಜ್ಯದ 1960ರ ಸಂಘಗಳ ನೋಂದಣಿ ಕಾಯ್ದೆ ಬಂತು. ವಾರ್ಷಿಕ ಮಹಾಸಭೆ ಕಡ್ಡಾಯವಾಯಿತು; ಸಭೆಯ ಬಳಿಕ ಮಂಡಳಿಯವರ ಪಟ್ಟಿ ರಿಜಿಸ್ಟ್ರಾರರಿಗೆ ಹೋಗಬೇಕು. ಅವ್ಯವಹಾರದ ದೂರಿದ್ದರೆ ರಿಜಿಸ್ಟ್ರಾರರು ವಿಚಾರಣೆ ನಡೆಸಬಹುದು. ಚುನಾವಣೆಯಾಗದೆ ಸಮಿತಿಯೇ ಇಲ್ಲದಂತಾದಾಗ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸಲು ಮುಂದೆ ತಿದ್ದುಪಡಿಯಿಂದ ಅವಕಾಶವಾಯಿತು.